ಬೈಕಿನ ಮೇಲಿನ ಮುಖಗಳು

ಖೋಯ್ ಮಾವ ನಾಳೆಯಿಂದ ಅಂಗಡಿಯಲ್ಲಿ ಕೂರಕೂಡದು ಎಂದು ಓಣಿಯ ಮುಖಂಡ ಥಾಕ್ ಹೇಳಿ ಹೋದರು.

ಅಂಗಡಿ ಎಂದರೆ ಮನೆ ಮುಂದಿನ ಫುಟ್‌ಪಾತಿನಲ್ಲಿ ಅಜ್ಜಿಯ ಹಬೆಪಾತ್ರೆ, ನಾಲ್ಕಾರು ಪ್ಲಾಸ್ಟಿಕ್ ಸ್ಟೂಲು. ಅಜ್ಜಿ ಅಂಟಕ್ಕಿಯ ಅನ್ನ ತೋಡಿ ಕೊಡುತ್ತಾಳೆ, ಮಾವ ಬಾಳೆಲೆಯಲ್ಲಿ ಪೊಟ್ಟಣ ಕಟ್ಟುತ್ತಾನೆ. ಅವನಿಗೆ ಮನಸ್ಸಿನ ಕಾಯಿಲೆ. ದಿನಾ ಮಾತ್ರೆ ನುಂಗುತ್ತಾನೆ. ಅವನಷ್ಟು ಚೆನ್ನಾಗಿ ಪೊಟ್ಟಣ ಕಟ್ಟುವವರು ಕಾನ್ ಥೋ ಊರಲ್ಲೇ ಇಲ್ಲ ಅಂತ ಅವನ ಅಕ್ಕನ ಮಗಳು ಸೆನ್ ಶಾಲೆಯಲ್ಲಿ ಜಂಬ ಕೊಚ್ಚುತ್ತಾಳೆ.

ಆದರೆ ಅಂದು ಬೆಳಗ್ಗೆ ಬೈಕಿನಲ್ಲಿ ಬಂದ ಹೆಂಗಸೊಬ್ಬಳ ಮೇಲೆ ಮಾವ ಕಿರುಚಿಬಿಟ್ಟಿದ್ದ. "ಯಾಕೆ ಬೈತೀಯಾ? ನಾನೇನು ಮಾಡ್ದೆ?"

"ಅವಳು ನಗ್ತಿದ್ಲು, ಮಾವ," ಎಂದಳು ಸೆನ್.

"ಸುಳ್ಳು. ಕಣ್ಣು ಹಿಂಗೆ ಮಾಡಿದ್ಲು." ಮಾವ ಕಣ್ಣು ಕಿರಿದು ಮಾಡಿ ತೋರಿಸಿದ.

"ನಗೋವಾಗ್ಲೂ ಹಂಗೇ ಆಗುತ್ತಲ್ಲ!"

"ಬಾಯಿ ಕಾಣ್ಲಿಲ್ಲ," ಎಂದ ಮಾವ.

ಮಾರನೆಯ ದಿನ ಅಜ್ಜಿ ಅವನನ್ನು ಬಾಗಿಲ ಒಳಗೆ ಕೂರಿಸಿದಳು. ಸೆನ್‌ಗೆ ಶಾಲೆ ಮಧ್ಯಾಹ್ನ. ಎಲೆ ಒರೆಸುತ್ತಾ ಗಿರಾಕಿಗಳನ್ನೇ ನೋಡಿದಳು.

ಸ್ಟೂಲಿನ ಮೇಲೆ ಕೂತವರು ಮಾಸ್ಕ್ ತೆಗೆದು ತಿನ್ನುತ್ತಿದ್ದರು. "ಇವತ್ತೂ ಹೆಂಡ್ತಿ ಹತ್ರ ಬೈಸ್ಕೊಂಡ್ಯಾ? ಮುಖ ನೋಡಿದ್ರೇ ಗೊತ್ತಾಗುತ್ತೆ!" ಎಂದು ಮಾವ ಒಳಗಿನಿಂದಲೇ ಒಬ್ಬನ ಕಾಲೆಳೆದ. ಬೈಕಿನವರು ಮಾತ್ರ ಕೆಳಗಿಳಿಯಲೇ ಇಲ್ಲ. ಬಿಸಿಲು, ಧೂಳು ಅಂತ ಕಣ್ಣಿನವರೆಗೂ ಬಟ್ಟೆಯ ಮಾಸ್ಕ್. ಎಂಜಿನ್ ಗುರುಗುಟ್ಟಿಸುತ್ತಲೇ, "ಎರಡು ಕೊಡಿ, ಬೇಗ!"

ಅವರು ಬಂದಾಗಲೆಲ್ಲ ಮಾವನ ಭುಜ ಕುಗ್ಗುತ್ತಿತ್ತು.

ಸೆನ್ ಎದ್ದು ರಸ್ತೆಯಂಚಿಗೆ, ಬೈಕಿನಲ್ಲಿದ್ದ ಒಬ್ಬ ಹೆಂಗಸಿನ ಬಳಿ ಹೋದಳು. "ಅಕ್ಕಾ, ಮಾಸ್ಕ್ ಒಂಚೂರು ಇಳಿಸ್ತೀರಾ? ನಮ್ಮ ಮಾವಂಗೆ ನಿಮ್ಮ ಬಾಯಿ ಕಾಣ್ಬೇಕು."

"ಯಾಕಮ್ಮಾ, ನನ್ನ ಹಲ್ಲು ಎಣಿಸ್ತಾನಾ?" ಆಕೆ ಮಾಸ್ಕ್ ಇಳಿಸಿ ಜೋರಾಗಿ ನಕ್ಕಳು.

ಮಾವ ನೋಡಿದ. ಅವನೂ ನಕ್ಕ. ಸೆನ್ ಅವನ ಸ್ಟೂಲನ್ನು ಹೊರಗೆ ತಂದು ಹಾಕಿದಳು. ಅಜ್ಜಿ ಬೇಡ ಎನ್ನಲಿಲ್ಲ. ಇನ್ನೂ ಹತ್ತಾರು ಜನ ಮಾಸ್ಕ್ ಇಳಿಸಿದರು. ಇಳಿಸದವರ ಮಾತಿಗೆ ಸೆನ್ ಪಕ್ಕದಲ್ಲೇ ನಿಂತು, "ಇವರು ತಮಾಷೆ ಮಾಡ್ತಿದಾರೆ, ಮಾವ," ಎಂದಳು. ಪೊಟ್ಟಣಗಳು ಚಕಚಕನೆ ಖಾಲಿಯಾದವು.

ಅಷ್ಟರಲ್ಲಿ ಥಾಕ್ ಅವರ ಬೈಕು ಬಂದು ನಿಂತಿತು. "ಹೇಳಿದ್ದು ಅರ್ಥ ಆಗ್ಲಿಲ್ವಾ? ಇವನು ಯಾರಿಗಾದ್ರೂ ಹೊಡೆದ್ರೆ ಯಾರು ಜವಾಬ್ದಾರಿ?"

"ಮಾವ ಯಾರಿಗೂ ಹೊಡ್ದಿಲ್ಲ!" ಎಂದಳು ಸೆನ್. "ತಾತ, ಮಾಸ್ಕ್ ಇಳಿಸಿ ಮಾತಾಡಿ."

"ಇಳಿಸಿದೆ! ಈಗೇನು?" ಥಾಕ್ ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ಗುಡುಗಿದರು.

ಮಾವ ಆ ಮುಖವನ್ನೇ ಬಹಳ ಹೊತ್ತು ನೋಡಿದ.

"ನಿಮಗೆ ಸಿಟ್ಟಲ್ಲ, ಅಣ್ಣ," ಎಂದ ಮೆಲ್ಲಗೆ. "ನನ್ನ ಕಂಡ್ರೆ ಭಯ."

ಸೆನ್ ಕೂಡ ನೋಡಿದಳು. ಹೌದು, ಥಾಕ್ ಅವರ ತುಟಿ ಅದುರುತ್ತಿತ್ತು. ಇಷ್ಟು ದಿನ ಅವಳು ಅವರ ದನಿಯನ್ನಷ್ಟೇ ಕೇಳಿ ಬಾಗಿಲ ಹಿಂದೆ ಅಡಗುತ್ತಿದ್ದಳು. ಮುಖವನ್ನು ನೋಡಿಯೇ ಇರಲಿಲ್ಲ.

"ಒಳಗೆ ಹೋಗು," ಎಂದರು ಥಾಕ್. ದನಿ ಈಗ ಸಣ್ಣದಾಗಿತ್ತು.

"ಹೋಗಲ್ಲ, ಅಣ್ಣ," ಎಂದ ಮಾವ, ತೊಡೆಯ ಮೇಲೆ ಇನ್ನೊಂದು ಎಲೆ ಬಿಡಿಸಿಕೊಳ್ಳುತ್ತಾ.