ಅಜ್ಜಿ ಕೂಗದ ಹೆಸರು

"ಸಿರಿ ಬೇಡ!" ಅಂದಳು ಅಮ್ಮ. "ನಾವಿಲ್ಲಿ 'ಸಿರೀ' ಅಂತ ಕೂಗಿದ್ರೆ ಪಕ್ಕದ ಮನೆಯವರ ಫೋನು ಮಾತಾಡೋಕೆ ಶುರು ಮಾಡುತ್ತೆ."

"ಹಾಗಾದ್ರೆ ನಿಲಾ?" ಸಂಘಮಿತ್ರ ಬಿಡಲಿಲ್ಲ. "ತಮಿಳಲ್ಲಿ ಚಂದ್ರ ಅಂತ ಅರ್ಥ."

"ಆಮೇಲೆ ದಿನಾ 'ನಿಲಾ, ಓಡಬೇಡ, ನಿಲ್ಲು' ಅಂತ ಬಡ್ಕೋಬೇಕಾಗುತ್ತೆ" ಅಂದ ಅಪ್ಪ, ಶೂ ಲೇಸು ಕಟ್ಟುತ್ತಾ. ಹೆಬ್ಬಾಳದ ಫ್ಯಾಕ್ಟರಿ ಬಸ್ಸು ಬರುವ ಹೊತ್ತಾಗಿತ್ತು.

"ಜೋಯಿ? ಗ್ರೀಕ್ ಹೆಸರು. ಜೀವ ಅಂತ ಅರ್ಥ!"

ಹೊಸಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತಿದಳು. "ಗ್ರೀಕು ಅಂದ್ರೆ ಯಾವ ಕಡೆ ಆಯ್ತದೆ ಸಂಗಮಿತ್ರ? ನಂಜನಗೂಡು ದಾಟ್ಬೇಕಾ?"

ಎಲ್ಲರೂ ನಕ್ಕರು. ಸಂಘಮಿತ್ರ ಮಾತ್ರ ನಗಲಿಲ್ಲ. ಹೆಸರು ಬೇಕಾಗಿದ್ದ ಪಾಪುವೂ ನಗಲಿಲ್ಲ. ಅದು ಮುಷ್ಟಿ ಬಿಗಿಹಿಡಿದು, ಯಾರ ಗೊಡವೆಯೂ ಬೇಡವೆಂಬಂತೆ ನಿದ್ದೆ ಮಾಡುತ್ತಿತ್ತು.

ತಂಗಿಗೆ ಹೆಸರು ಹುಡುಕುವ ಕೆಲಸವನ್ನು ಅಪ್ಪನೇ ಸಂಘಮಿತ್ರಳಿಗೆ ಕೊಟ್ಟಿದ್ದ. ಭಾನುವಾರ ನಾಮಕರಣ. ಅಷ್ಟರೊಳಗೆ ಅವಳು ಹುಡುಕದಿದ್ದರೆ ನಜರ್‌ಬಾದಿನ ಸುಮತ್ತೆ ಹೆಸರಿಡುತ್ತಾಳೆ. ಸುಮತ್ತೆ ಅಪ್ಪನ ತಂಗಿ. ಬಲು ಒಳ್ಳೆಯವಳು, ಆದರೆ ತನ್ನ ನಾಯಿಗೆ ಪ್ರಿನ್ಸೆಸ್ ಅಂತ ಹೆಸರಿಟ್ಟವಳು. ಅವಳ ಕೈಗೆ ಪಾಪುವಿನ ಹೆಸರು ಸಿಕ್ಕಿದರೆ ಗತಿಯೇನು ಅಂತ ಸಂಘಮಿತ್ರಳಿಗೆ ದಿಗಿಲು.

ಅವಳ ಷರತ್ತು ಒಂದೇ. ಹೆಸರು ಎರಡಕ್ಷರದ್ದಾಗಿರಬೇಕು.

ಯಾಕೆ ಅಂತ ಕೇಳುತ್ತೀರಾ? 'ಸಂಘಮಿತ್ರ' ಅಂತ ಹೆಸರಿಟ್ಟುಕೊಂಡು ಐದನೇ ಕ್ಲಾಸಿನವರೆಗೆ ಬದುಕಿ ನೋಡಿ, ಗೊತ್ತಾಗುತ್ತದೆ. ಮಿಸ್ಸು 'ಸಂಘು' ಅನ್ನುತ್ತಾರೆ. ಪಿ.ಟಿ. ಸರ್ 'ಮಿತ್ರಾ' ಅನ್ನುತ್ತಾರೆ. ವ್ಯಾನ್ ಅಂಕಲ್ಲಿಗೆ ಅವಳು ಮೊದಲ ದಿನದಿಂದಲೂ 'ಸಂಗೀತಾ'. ಇನ್ನು ಕ್ಲಾಸಿನ ಹುಡುಗರೋ, 'ಹಾಲಿನ ಸಂಘ ಬಂತು, ಕ್ಯಾನ್ ತನ್ರೋ' ಅಂತ ಕೂಗುತ್ತಾರೆ. ಅಶೋಕ ಚಕ್ರವರ್ತಿಯ ಮಗಳ ಹೆಸರು ಅದು, ಬೋಧಿ ಮರದ ಸಸಿ ಹಿಡಿದು ಹಡಗು ಹತ್ತಿ ಲಂಕೆಗೆ ಹೋದವಳು ಅವಳು ಅಂತ ಅಪ್ಪ ಎಷ್ಟು ಹೆಮ್ಮೆಯಿಂದ ಹೇಳಿದರೂ, ಹಾಲಿನ ಕ್ಯಾನಿನ ಮುಂದೆ ಹಡಗು ಮುಳುಗಿಹೋಗುತ್ತಿತ್ತು.

ಉದ್ದದ ಹೆಸರನ್ನು ಎಲ್ಲರೂ ತುಂಡು ಮಾಡುತ್ತಾರೆ. ತನ್ನ ಹೆಸರಿಗೆ ಆಗಿದ್ದು ತಂಗಿಯ ಹೆಸರಿಗೆ ಆಗಬಾರದು. ಎರಡೇ ಅಕ್ಷರ ಇದ್ದರೆ ಎಲ್ಲರೂ ಪೂರ್ತಿ ಕೂಗಲೇಬೇಕಲ್ಲ!

ಫೋನಿನಲ್ಲಿ ಹುಡುಕಿದರೆ ಎರಡಕ್ಷರದ ಹೆಸರುಗಳು ರಾಶಿ ರಾಶಿ. ಆದರೆ ಅರ್ಥ ನೋಡಿದರೆ ಅರ್ಧಕ್ಕರ್ಧ 'ಸುಂದರಿ', ಮಿಕ್ಕಿದ್ದು 'ಲಕ್ಷ್ಮಿ'. ಒಂದೇ ಹೆಸರಿಗೆ ಒಂದು ಕಡೆ ಸಂಸ್ಕೃತ ಮೂಲ ಅಂತಿದ್ದರೆ ಇನ್ನೊಂದು ಕಡೆ ಅರಬ್ಬೀ ಅಂತ ಬರೆದಿತ್ತು.

ಮಾರನೆಯ ದಿನ ಲಂಚ್ ಬ್ರೇಕಿನಲ್ಲಿ ಗೆಳತಿ ಶಿವಾನಿಯ ಸಲಹೆ ಕೇಳಿದಳು.

"ಎರಡಕ್ಷರನೇ ಇಡು ಕಣೇ" ಅಂದಳು ಶಿವಾನಿ, ಚಿತ್ರಾನ್ನದ ಕಡಲೆಬೀಜ ಆರಿಸುತ್ತಾ. "ನಂದು ಮೂರಕ್ಷರ. ಆದ್ರೂ ಎಲ್ರೂ ಶಿವು, ಶಿವು ಅಂತಾರೆ. ಮೂರೂ ಸೇಫ್ ಅಲ್ಲ."

"ತಾರಾ ಅಂತ ಇಡ್ಲಾ? ನಕ್ಷತ್ರ ಅಂತ."

"ಹುಡುಗರು ತರಕಾರಿ ಅಂತಾರೆ."

"ಮೈತ್ರಿ? ಸ್ನೇಹ ಅಂತ."

"ಮೈ ತುರಿಕೆ ಅಂತಾರೆ. ಗ್ಯಾರಂಟಿ."

ಸಂಘಮಿತ್ರ ಡಬ್ಬಿ ಮುಚ್ಚಿದಳು. ಎಂಥ ಹೆಸರಿಟ್ಟರೂ ಹುಡುಗರಿಗೆ ಏನಾದರೂ ಒಂದು ಸಿಗುತ್ತಲ್ಲ ಅಂತ ಅಳುವೇ ಬಂತು.

"ಪಾಪು ಹುಟ್ಟಿದ್ದು ಯಾವಾಗ?" ಅಂತ ಕೇಳಿದಳು ಶಿವಾನಿ. "ನಮ್ಮ ಮನೇಲಿ ಹುಟ್ಟಿದ ಹೊತ್ತು ನೋಡ್ತಾರಪ್ಪ."

"ಬೆಳಗಿನ ಜಾವ. ಅಪ್ಪ ಆಸ್ಪತ್ರೆ ಮೆಟ್ಟಿಲ ಮೇಲೆ ನಿಂತಿದ್ರಂತೆ. ಮೇಲೆ ನೋಡಿದ್ರೆ ಬೆಳ್ಳಿ ಚುಕ್ಕಿ ಹೊಳೀತಿತ್ತಂತೆ. ಅಷ್ಟೊತ್ತಿಗೆ ನರ್ಸು ಬಂದು…"

ಸಂಘಮಿತ್ರ ಮಾತು ಅಲ್ಲೇ ನಿಲ್ಲಿಸಿದಳು. ಶಿವಾನಿ ಬಾಯಿಗಿಟ್ಟ ಕಡಲೆಬೀಜವನ್ನು ಅಗಿಯುವುದನ್ನೇ ಮರೆತಳು.

"ಬೆಳ್ಳಿ!" ಅಂದರು ಇಬ್ಬರೂ ಒಟ್ಟಿಗೆ.

ಬೆಳ್ಳಿ! ಎರಡೇ ಅಕ್ಷರ. ಗ್ರೀಕೂ ಅಲ್ಲ, ಅರಬ್ಬಿಯೂ ಅಲ್ಲ, ಅಪ್ಪಟ ಕನ್ನಡ. ಫೋನಿನ ರಾಶಿಯಲ್ಲೂ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಹುಡುಗರು ಏನಂತ ರೇಗಿಸಬಹುದು ಅಂತ ಶಿವಾನಿ ಬೆಲ್ ಹೊಡೆಯುವವರೆಗೂ ಯೋಚಿಸಿ, ಕೊನೆಗೆ ಸೋಲೊಪ್ಪಿಕೊಂಡಳು.

ಸಂಜೆ ಕೆಸರೆಯ ತಮ್ಮ ಬೀದಿಯಲ್ಲಿ ವ್ಯಾನ್ ಇಳಿದವಳೇ ಸಂಘಮಿತ್ರ ಮನೆಗೆ ಓಡಿದಳು. "ಬೆಳ್ಳಿ! ಪಾಪು ಹೆಸರು ಬೆಳ್ಳಿ!"

ಅಮ್ಮ ಎರಡು ಸಲ ಮೆಲ್ಲಗೆ ಹೇಳಿ ನೋಡಿದಳು. ಮುಖ ಅರಳಿತು. ಆಗ ತಾನೇ ಡ್ಯೂಟಿಯಿಂದ ಬಂದಿದ್ದ ಅಪ್ಪ, "ಸೂಪರ್ ಮಗಳೇ" ಅಂದ. ಪೇಪರ್ ಓದುತ್ತಿದ್ದ ತಾತನಂತೂ ಕನ್ನಡಕ ತೆಗೆದು ಎದ್ದೇ ನಿಂತ.

"ಅದು ನಮ್ಮವ್ವನ ಹೆಸ್ರು ಕಣವ್ವ! ನಮ್ಮವ್ವ ಬೆಳ್ಳಮ್ಮ!"

"ಹೌದಾ? ನಂಗೇ ಗೊತ್ತಿರಲಿಲ್ಲ!" ಅಂದ ಅಪ್ಪ. "ನಾನು ಚಿಕ್ಕೋನಿದ್ದಾಗಲೇ ಹೋಗ್ಬುಟ್ರು. ಎಲ್ರೂ ಮುದ್ದಜ್ಜಿ ಅಂತಿದ್ವಿ. ಅವ್ವ ಒಂದ್ಸಲಾನೂ ಹೆಸರು ಹೇಳಿದ್ದಿಲ್ಲ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಅಲ್ಲಿ ಇದ್ದರೆ ತಾನೆ? ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಸಂಘಮಿತ್ರ ಒಳಗೆ ಹೋದಳು.

"ಅಜ್ಜಿ, ಹೆಸರು ಚೆನ್ನಾಗಿಲ್ವಾ?"

"ಚೆನ್ನಾಗದೆ ಕಣವ್ವ. ಬಲ್ ಚೆನ್ನಾಗದೆ."

"ಹಾಗಾದ್ರೆ ಒಂದ್ಸಲ ಕೂಗು."

"ನೀನೇ ಕೂಗವ್ವ. ನಿನ್ನ ಬಾಯಲ್ಲಿ ಚೆಂದಾಗಿ ಕೇಳ್ಸುತ್ತೆ."

"ಅಜ್ಜೀ!"

ಅಜ್ಜಿ ಸೌಟು ಕೆಳಗಿಟ್ಟಳು. "ನಮ್ಮತ್ತೆ ಹೆಸ್ರು ಕಣವ್ವ ಅದು. ಸೊಸೆಯಾದೋಳು ಅತ್ತೆ ಹೆಸ್ರು ಹೇಳ್ಬಾರ್ದು. ಗಂಡನ ಹೆಸ್ರೂ ಹೇಳ್ಬಾರ್ದು. ಹೇಳಿದ್ರೆ ಆಯಸ್ಸು ಕಮ್ಮಿಯಾಯ್ತದೆ ಅಂತಿದ್ರು ನಮ್ಮವ್ವ."

"ಮುದ್ದಜ್ಜಿ ಸತ್ತೇ ಹೋಗಿದ್ದಾರಲ್ಲಜ್ಜಿ! ಇನ್ನೆಲ್ಲಿಂದ ಕಮ್ಮಿಯಾಗೋದು?"

"ಅದೂ ನಿಜ ಅನ್ನು" ಅಂದಳು ಅಜ್ಜಿ. "ಆದ್ರೂ ಬರಲ್ಲ ಕಣವ್ವ. ನಾಲ್ಗೆನೇ ತಿರುಗಲ್ಲ."

ಸಂಘಮಿತ್ರಳ ತಲೆಯಲ್ಲಿ ಏನೋ ಟಕ್ ಅಂದಿತು. "ಅದಕ್ಕೇನಾ ನೀನು ಬೆಳ್ಳುಳ್ಳಿಗೆ 'ಒಗ್ಗರಣೆ ಗಡ್ಡೆ' ಅನ್ನೋದು?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಅದು ಅಜ್ಜಿಯ ಊರ ಕಡೆಯ ಮಾತು ಅಂತಲೇ ಮನೆಯವರೆಲ್ಲ ಇಷ್ಟು ವರ್ಷ ನಂಬಿದ್ದರು. ಒಮ್ಮೆ ಸಂಘಮಿತ್ರ ಅಂಗಡಿಯಲ್ಲಿ 'ಕಾಲು ಕೆಜಿ ಒಗ್ಗರಣೆ ಗಡ್ಡೆ ಕೊಡಿ' ಅಂತ ಕೇಳಿದಾಗ ಅಂಗಡಿಯವರು ಬಿದ್ದು ಬಿದ್ದು ನಕ್ಕಿದ್ದರು. ಬೆಳ್ಳಿ ಕಾಲ್ಚೈನಿಗೆ ಅಜ್ಜಿ 'ಬಿಳೀ ಚೈನು' ಅನ್ನುತ್ತಿದ್ದಳು. ಸಣ್ಣ ಈರುಳ್ಳಿಗೆ 'ಮರಿ ಈರುಳ್ಳಿ'. ಯಾಕೆಂದರೆ ತಾತನ ಹೆಸರು ಸಣ್ಣಮಾದಯ್ಯ!

"ಪರವಾಗಿಲ್ಲ, ನಾನು ಹೇಳ್ಕೊಡ್ತೀನಿ" ಅಂತ ಸಂಘಮಿತ್ರ ಮಿಸ್ಸಿನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮೊದಲನೇ ಅಕ್ಷರ. ಬೆ."

"ಬೆ" ಅಂದಳು ಅಜ್ಜಿ.

"ಎರಡನೇದು. ಳ್ಳಿ."

"ಳ್ಳಿ" ಅಂದಳು ಅಜ್ಜಿ, ಇದೇನು ಮಹಾ ಅನ್ನುವ ಹಾಗೆ.

"ಈಗ ಸೇರಿಸು."

"ಬೆ… ಬೆ… ಬೆ…"

"ಮೇಕೆ ಬಂತಾ?" ಅಂತ ತಾತ ನಡುಮನೆಯಿಂದ ಕೂಗಿದ. ಅಜ್ಜಿ ನಗುತ್ತಾ ನಗುತ್ತಾ ನೆಲದ ಮೇಲೇ ಕೂತುಬಿಟ್ಟಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡಕ್ಷರ ಮಾತ್ರ ಸೇರಲೇ ಇಲ್ಲ.

ಸಂಘಮಿತ್ರಳೂ ನಕ್ಕಳು, ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಅಮ್ಮ ಇನ್ನು ಕೆಲವು ತಿಂಗಳಿಗೆ ಕೆಲಸಕ್ಕೆ ಹೋಗುತ್ತಾಳೆ. ಅಪ್ಪನಿಗೆ ಶಿಫ್ಟು. ಹಗಲೆಲ್ಲ ಪಾಪುವನ್ನು ನೋಡಿಕೊಳ್ಳುವವಳು ಅಜ್ಜಿ. ಎಲ್ಲರಿಗಿಂತ ಹೆಚ್ಚು ಸಲ ಪಾಪುವನ್ನು ಕೂಗಬೇಕಾದವಳೂ ಅಜ್ಜಿಯೇ. ಯಾರೂ ತುಂಡು ಮಾಡಬಾರದು ಅಂತ ಹುಡುಕಿ ತಂದ ಹೆಸರನ್ನು ಅಜ್ಜಿ ಕೂಗುವುದೇ ಇಲ್ಲ ಅಂದರೆ!

ಶನಿವಾರ ಮಧ್ಯಾಹ್ನ ಅಜ್ಜಿ ಪಾಪುವಿನ ಬಟ್ಟೆ ಮಡಚುತ್ತಿದ್ದಾಗ ಸಂಘಮಿತ್ರ ಪಕ್ಕದಲ್ಲಿ ಹೋಗಿ ಕೂತಳು.

"ಅಜ್ಜಿ, ಬೇರೆ ಹೆಸರು ಹುಡುಕ್ತೀನಿ. ಇದು ಬೇಡ."

"ಯಾಕೆ ಸಂಗಮಿತ್ರ?"

ಸಂಘಮಿತ್ರ ಅಜ್ಜಿಯ ಮುಖ ನೋಡಿದಳು. 'ಘ' ಕೊಂಚ 'ಗ' ಆಗುತ್ತಿತ್ತು, ಅಷ್ಟೇ. ಮಿಕ್ಕಂತೆ ಅಜ್ಜಿ ಅವಳ ಹೆಸರನ್ನು ಯಾವತ್ತೂ ಪೂರ್ತಿಯಾಗಿಯೇ ಕೂಗುತ್ತಿದ್ದಳು. ಇದು ಇಷ್ಟು ದಿನ ಅವಳ ಗಮನಕ್ಕೇ ಬಂದಿರಲಿಲ್ಲ.

"ನೀನ್ಯಾಕಜ್ಜಿ ನನ್ನನ್ನ ಸಂಘು ಅನ್ನಲ್ಲ?"

"ಮಾವನ ಹೆಸ್ರು ಅನ್ನಂಗಿಲ್ಲ, ಅತ್ತೆ ಹೆಸ್ರು ಅನ್ನಂಗಿಲ್ಲ, ನಿಮ್ಮ ತಾತನ ಹೆಸ್ರು ಅನ್ನಂಗಿಲ್ಲ" ಅಂದಳು ಅಜ್ಜಿ. "ಬಾಯಿ ತುಂಬಾ ಕೂಗಕ್ಕೆ ನಂಗೆ ಸಿಕ್ಕಿರೋದೇ ನಿಮ್ಮೆಸ್ರು. ಅದ್ನೂ ಮುರುದು ಮುರುದು ಕೂಗ್ಲಾ?"

ಸಂಘಮಿತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಜ್ಜಿಯನ್ನು ಅಪ್ಪ 'ಅವ್ವ' ಅನ್ನುತ್ತಾನೆ, ಅಮ್ಮ 'ಅತ್ತೆ' ಅನ್ನುತ್ತಾಳೆ, ತಾತ 'ಇವಳೇ' ಅನ್ನುತ್ತಾನೆ.

"ಮತ್ತೆ ನಿನ್ನ ಹೆಸರನ್ನ ಯಾರಜ್ಜಿ ಕೂಗ್ತಾರೆ?"

ಅಜ್ಜಿ ಯೋಚಿಸಿದಳು. "ಓಟು ಹಾಕಕ್ಕೆ ಹೋದಾಗ ಕೂಗ್ತಾರೆ. 'ಪುಟ್ಟಲಿಂಗಮ್ಮ ಕೋಂ'…" ಅಂದವಳು ತಟ್ಟನೆ ನಿಲ್ಲಿಸಿದಳು. 'ಕೋಂ' ಅಂದರೆ ಇಂಥವರ ಹೆಂಡತಿ ಅಂತ. ಅದರ ಮುಂದೆ ಬರುವುದು ತಾತನ ಹೆಸರು! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಕ್ಕರು.

ಆಮೇಲೆ ಅಜ್ಜಿ ಸಂಘಮಿತ್ರಳ ತಲೆ ಸವರಿದಳು. "ಹೆಸ್ರು ಬದಲಾಯಿಸ್ಬೇಡ. ನಂಗೆ ಬಾಣಂತನ ಮಾಡಿದ್ದು ನಮ್ಮತ್ತೆ. ನಿಮ್ಮಪ್ಪನ್ನ ಮೊದ್ಲು ಎತ್ಕೊಂಡೋರೂ ಅವ್ರೇ. ಅವ್ರ ಹೆಸ್ರು ಮನೇಲಿ ಓಡಾಡ್ಲಿ. ನೀನು ಕೂಗು, ನಾನು ಎತ್ಕೋತೀನಿ."

"ನಾನು ಸ್ಕೂಲಿಗೆ ಹೋದಾಗ?"

ಅಜ್ಜಿ ಮಡಚಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಭಾನುವಾರ ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಬುದ್ಧನ ಫೋಟೋಗೂ ಮಾದಪ್ಪನ ಫೋಟೋಗೂ ಒಂದೇ ಮೊಳದ ಮಲ್ಲಿಗೆಯನ್ನು ಹಂಚಿ ಮುಡಿಸಿದಳು ಅಮ್ಮ. ಸುಮತ್ತೆ ಬಂದವಳೇ, "ಹೆಸರು ಸಿಕ್ತಾ, ಇಲ್ಲಾ ನಾನು ಇಡ್ಲಾ?" ಅಂದಳು. ಹೆಸರು ಕೇಳಿದ ಮೇಲೆ, "ಪರವಾಗಿಲ್ವೇ! ಇದು ನಂಗೇ ಹೊಳೀಬೇಕಿತ್ತು" ಅಂತ ಒಪ್ಪಿಕೊಂಡಳು.

ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಸುಮತ್ತೆ ಬಗ್ಗಿ ಮೂರು ಸಲ 'ಬೆಳ್ಳಿ' ಅಂದಳು. ಆಮೇಲೆ ಅಮ್ಮ, ಅಪ್ಪ. ತಾತ ಮೂರರ ಬದಲು ನಾಲ್ಕು ಸಲ ಹೇಳಿದ. ತನ್ನ ಅವ್ವನ ಹೆಸರನ್ನು ಮನೆಯಲ್ಲಿ ಯಾರಾದರೂ ಕೂಗಿ ಎಷ್ಟು ಕಾಲವಾಗಿತ್ತೋ!

ಕೊನೆಗೆ ಅಜ್ಜಿಯ ಸರದಿ.

ಅಮ್ಮ ಅಪ್ಪನ ಕೈ ಹಿಡಿದುಕೊಂಡಳು. ತಾತ ಫ್ಯಾನು ನೋಡುವವನ ಹಾಗೆ ಮೇಲೆ ನೋಡಿದ. ಸಂಘಮಿತ್ರ ತೊಟ್ಟಿಲ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಳು. ಅಜ್ಜಿಯ ಬಾಯಲ್ಲಿ ಹೆಸರು ಬರದಿದ್ದರೆ? ಎಲ್ಲರೂ ನಕ್ಕುಬಿಟ್ಟರೆ?

ಅಜ್ಜಿ ತೊಟ್ಟಿಲಿಗೆ ಬಗ್ಗಿದಳು. ಸೆರಗನ್ನು ಮರೆ ಮಾಡಿ ಪಾಪುವಿನ ಕಿವಿಗೆ ಬಾಯಿಟ್ಟಳು. ಅಷ್ಟು ಹತ್ತಿರದಲ್ಲಿ ಇದ್ದವಳು ಸಂಘಮಿತ್ರ ಒಬ್ಬಳೇ. ಅವಳಿಗೆ ಕೇಳಿಸಿತು.

"ನಾನು ಪುಟ್ಟಲಿಂಗಮ್ಮ ಕಣವ್ವ. ನಿನ್ನಜ್ಜಿ. ಪುಟ್ಟಲಿಂಗಮ್ಮ. ಪುಟ್ಟಲಿಂಗಮ್ಮ."

ಪಾಪು ಕಣ್ಣು ಬಿಟ್ಟು ಅಜ್ಜಿಯನ್ನು ನೋಡಿತು. ಅಜ್ಜಿ ನೆಟ್ಟಗೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವ್ವ ಹೇಳೇಬುಟ್ಲಾ?" ಸುಮತ್ತೆಗೆ ತಡೆಯಲಾಗಲಿಲ್ಲ. "ಏನಂದ್ಲೇ ಸಂಘು? ಜೋರಾಗಿ ಹೇಳೇ!"

"ಅದು ಪಾಪುಗೆ ಹೇಳಿದ್ದು, ಅತ್ತೆ" ಅಂದಳು ಸಂಘಮಿತ್ರ. "ನಿಮಗಲ್ಲ."

ಎಲ್ಲರೂ ಊಟಕ್ಕೆ ಎದ್ದರು. ಒಬ್ಬಟ್ಟಿನ ವಾಸನೆಗೆ ಸುಮತ್ತೆ ಎಲ್ಲರಿಗಿಂತ ಮುಂದೆ ಹೋದಳು. ಸಂಘಮಿತ್ರ ಮಾತ್ರ ತೊಟ್ಟಿಲ ಹತ್ತಿರವೇ ಉಳಿದಳು.

"ಬೆಳ್ಳಿ" ಅಂತ ಪಿಸುಗುಟ್ಟಿದಳು. "ನಿಂಗೆ ಮಾತು ಬಂದ ಮೇಲೆ ಅಜ್ಜಿ ಹೆಸರು ಹೇಳ್ಬೇಕು. ಉದ್ದ ಇದೆ, ಐದಕ್ಷರ. ಆದ್ರೂ ಒಂದೂ ಬಿಡಬಾರದು. ನಾನು ಹೇಳ್ಕೊಡ್ತೀನಿ, ಕೇಳಿಸ್ಕೋ."

ಹೇಳಿಕೊಡಲು ಬಾಯಿ ತೆರೆದವಳು ಒಂದು ಗಳಿಗೆ ತಡೆದಳು. ಆ ಹೆಸರನ್ನು ತಾನೂ ಇವತ್ತಿನವರೆಗೆ ಒಂದು ಸಲವೂ ಹೇಳಿರಲಿಲ್ಲ.

ಆಮೇಲೆ ಮೆಲ್ಲಗೆ, ಒಂದಕ್ಷರವನ್ನೂ ಬಿಡದೆ, ಪೂರ್ತಿ ಹೇಳಿದಳು.