ಜರತಾರಿ ಕಪ್ತಾನನನ್ನು ಕದ್ದವನು

"ಕಳ್ಳ! ನೀನೇ ಅಲ್ವಾ ಆ ಕಳ್ಳ?"

ಬಂದರ್‌ನ ಮೀನು ದಕ್ಕೆ, ಬೋಟುಗಳು ಬಂದು ತಂಗುವ ಕಟ್ಟೆ. ಬೆಳಗ್ಗಿನ ಗದ್ದಲ. ಬಂಗುಡೆ ಬುಟ್ಟಿಗಳ ನಡುವೆ ನರ್ಸ್ ಯೂನಿಫಾರ್ಮಿನ ಹುಡುಗಿಯೊಬ್ಬಳು ಬಂದು ಹೀಗೆ ಕಿರುಚಿದರೆ ಏನಾಗಬೇಡ! ಐಸ್ ಒಡೆಯುತ್ತಿದ್ದವರು ಕೈ ನಿಲ್ಲಿಸಿದರು. ಏಲಂ ಕೂಗುತ್ತಿದ್ದವನು ಬಾಯಿ ಮುಚ್ಚಿದ.

ಬೋಟಿನ ಮೇಲಿದ್ದವನು ಮಾತ್ರ ನಿಧಾನಕ್ಕೆ ತಿರುಗಿದ. ಗಿಳಿಹಸಿರು ಅಂಗಿ, ಅದರ ತುಂಬ ಬಂಗಾರದ ಬಣ್ಣದ ಹೂಗಳು. ಮೀನು ಹಿಡಿಯಲು ಹೋಗಿ ಬಂದವನೋ, ಮದುವೆಗೆ ಹೊರಟವನೋ ಹೇಳುವುದು ಕಷ್ಟ.

"ಎಂತ ಕದ್ದೆ ಮೇಡಂ? ಮೀನು ನಮ್ಮದೇ."

ಅವಳು ಮೊಬೈಲ್ ಮುಂದೆ ಹಿಡಿದಳು. ಅದರಿಂದ ಅವನದೇ ದನಿ... "ಆಗ ಜರತಾರಿ ಕಪ್ತಾನ ಏಳು ಬಣ್ಣದ ಕೋಟು ಕೊಡವಿ ಎದ್ದ. ಚಕ್ರವರ್ತಿಯ ಗ್ರಹದ ಸುತ್ತ ಇದ್ದ ಉಂಗುರವನ್ನೇ ಕಿತ್ತು ಹೆಗಲಿಗೆ ಹಾಕಿದ. ಗಣಿ ಕೆಲಸದ ಚಂದ್ರಗಳ ಬಡ ಮದುಮಗಳಂದಿರಿಗೆಲ್ಲ ಅದನ್ನು ಕರಗಿಸಿ ಬಳೆ ಮಾಡಿಸಿದ. ಆಮೇಲೆ ಬಂಗುಡೆ ಫ್ರೈ ತಿಂದ..."

"ಜರತಾರಿ ಕಪ್ತಾನ ನನ್ನವನು! ಬರೆದದ್ದು ನಾನು! ವಾಟ್ಸಾಪ್‌ನಲ್ಲಿ ನಿನ್ನ ದನಿಯಲ್ಲಿ ತಿರುಗ್ತಾ ಉಂಟು! ಈ ದಕ್ಕೆಯವನದೇ ದನಿ ಅಂತ ಕೇಳಿಕೊಂಡು ಬಂದೆ!"

ಅವನ ಕಣ್ಣು ಅರಳಿತು. "ಅಯ್ಯೋ! ನೀವಾ? ನಾನು ಯಾರೋ ಮೀಸೆ ಇರುವ ಗಂಡಸು ಅಂತ ಎಣಿಸಿದ್ದೆ!"

ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು. ಅವಳ ಮುಖ ಕೆಂಪೇರಿತು.

ಇವಳು ಶೆರಿಲ್. ಪಡೀಲ್‌ನವಳು, ಆಸ್ಪತ್ರೆಯೊಂದರ ನರ್ಸ್. ಕಥೆಯ ಆ್ಯಪಿನಲ್ಲಿ ಬೇರೆ ಹೆಸರಿಟ್ಟುಕೊಂಡು ತಾರಾಮಂಡಲದ ಕಡಲ್ಗಳ್ಳನೊಬ್ಬನ ಸಾಹಸ ಬರೆಯುತ್ತಿದ್ದಳು. ಅವನು ಯತಿನ್. ಅಜ್ಜನ ಕಾಲದಿಂದ ಕಡಲನ್ನೇ ನಂಬಿದ ಮನೆಯ ಹುಡುಗ. ಆ ಬೋಟು ನಡೆಸುವ ತಾಂಡೇಲ.

"ಬೈಬೇಡಿ ಮೇಡಂ. ಕಡಲಲ್ಲಿ ನೆಟ್‌ವರ್ಕ್ ಎಲ್ಲಿ ಉಂಟು? ನಾನು ಇಲ್ಲಿಂದ ಓದಿಕೊಂಡು ಹೋಗ್ತೇನೆ, ಸಂಜೆ ವಯರ್‌ಲೆಸ್‌ನಲ್ಲಿ ಎಲ್ಲ ಬೋಟಿನವರಿಗೂ ಹೇಳ್ತೇನೆ. ಯಾರೋ ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಹಾಕಿರಬೇಕು. ನಿಮ್ಮ ಕಪ್ತಾನ ಬಾರದೆ ನಮ್ಮ ಹುಡುಗರಿಗೆ ಊಟ ಸೇರುವುದಿಲ್ಲ."

"ಆದ್ರೆ ಬಂಗುಡೆ ಫ್ರೈ ಎಲ್ಲಿಂದ ಬಂತು? ನಾನು ಬರೀಲೇ ಇಲ್ಲ!"

"ಆಕಾಶಗಂಗೆ ಅಂತ ಬರೆದದ್ದು ನೀವೇ ಅಲ್ವಾ? ಗಂಗೆ ಇದ್ದಲ್ಲಿ ಮೀನು ಇರುವುದಿಲ್ವಾ?"

ಬೈಯಲೆಂದೇ ಬಂದವಳು! ಆದರೆ ನಗು ಅವಳ ಮಾತು ಕೇಳಬೇಕಲ್ಲ... ಫಕ್ಕನೆ ನಕ್ಕುಬಿಟ್ಟಳು. ಅಲ್ಲಿಗೆ ಮುಗಿಯಿತು ನೋಡಿ ಅವಳ ಕಥೆ.

ಆಮೇಲೆ ಜರತಾರಿ ಕಪ್ತಾನನಿಗೆ ಇಬ್ಬರು ಒಡೆಯರಾದರು. ಶೆರಿಲ್ ಬರೆಯುವಳು, ಯತಿನ್ ಹಾಳು ಮಾಡುವನು. ಸೆರೆಮನೆ ಹಡಗಿನಿಂದ ಕಪ್ತಾನ ಬೀಗ ಮುರಿದು ಓಡಿದ ಎಂದು ಅವಳು ಬರೆದರೆ, ಕಾವಲುಗಾರರಿಗೆಲ್ಲ ಕುಣಿತ ಕಲಿಸಿ, ಅವರು ಸುಸ್ತಾಗಿ ಮಲಗಿದ ಮೇಲೆ ಮದುಮಗಳ ಸೀರೆಯುಟ್ಟು ಹೊರಬಂದ ಎಂದು ಇವನು ಹೇಳುವನು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಒಂದು ದಿನವೂ ಇಲ್ಲ!

ಅವನು ಕಡಲಲ್ಲಿದ್ದಾಗ ಅವಳು ಡ್ಯೂಟಿ ಮುಗಿಸಿ ದಕ್ಕೆಗೆ ಬರುತ್ತಿದ್ದಳು. ಅಲ್ಲಿ ಅವನ ಮಾವ ದೇವದಾಸನ ಶೆಡ್ಡಿನಲ್ಲಿ ದಡದ ವಯರ್‌ಲೆಸ್ ಇತ್ತು. ಮೀನು ಮಾರುವ ಸುಂದರಿ ಮಾಮಿ, ದೇವದಾಸನ ಹೆಂಡತಿ, ಅವಳಿಗೆ ಸ್ಟೂಲ್ ಹಾಕಿಕೊಡುವಳು. ಶೆರಿಲ್ ಕೆನ್ನೆಗೆ ಕೈಯಿಟ್ಟು ಕೇಳುವಳು. ಬರೀ ಕೇಳುವಳು.

ಅವನು ದಡದಲ್ಲಿದ್ದಾಗ ಇಬ್ಬರೂ ಬೋಟುಗಳ ನೆರಳಲ್ಲಿ ನಿಂತು ಜಗಳವಾಡುವರು. ಆದರೆ ಆ ಒಂದು ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ. ಹೇಳಿ ಏನು ಪ್ರಯೋಜನ? ಅವಳ ಮನೆಯಲ್ಲಿ ಸಂಜೆ ಜಪಮಾಲೆ, ಅವನ ಮನೆಯಲ್ಲಿ ಭಜನೆ. ಅವಳ ಡ್ಯಾಡಿ ಬೆನೆಡಿಕ್ಟ್ ಊರಿಡೀ ಗೌರವ ಇರುವ ಮೇಷ್ಟ್ರು.

ಅಷ್ಟರಲ್ಲಿ ಮಸ್ಕತ್ತಿನಿಂದ ಸಂಬಂಧ ಬಂತು.

"ಇರ್ವಿನ್ ಒಳ್ಳೆ ಹುಡುಗ, ಬಾಯೆ, ನನ್ನ ಮಗಳೇ. ಭಾನುವಾರ ಅವರಿಗೆ ಮಾತು ಕೊಡಬೇಕು. ಡ್ಯಾಡಿಯ ಹಾರ್ಟ್ ವಿಷಯ ನಿನಗೇ ಗೊತ್ತುಂಟಲ್ಲ..." ಮಮ್ಮಿ ಮಟಿಲ್ಡಾ ಅವಳ ತಲೆ ಸವರಿದರು.

ಶೆರಿಲ್ ಕಿಟಕಿಯತ್ತ ಮುಖ ತಿರುಗಿಸಿದಳು. *ಒಂದು ಸಲ ಅವನು ಬೇಡ ಅನ್ನಲಿ... ಒಂದೇ ಸಲ! ನಾನು ಯಾರನ್ನು ಬೇಕಾದರೂ ಎದುರಿಸುತ್ತೇನೆ.*

ಸಂಜೆ ಶೆಡ್ಡಿಗೆ ಓಡಿದಳು. ಸುಂದರಿ ಮಾಮಿ ಮೀನು ಮಾರಲು ಹೋಗಿದ್ದಳು. ವಯರ್‌ಲೆಸ್‌ನಲ್ಲಿ ಯತಿನ್ ಕಥೆ ಹೇಳುತ್ತಿದ್ದ. ನಕ್ಷತ್ರ ಕೋಟೆಯ ರಾಣಿ ಕಿಟಕಿಯಲ್ಲಿ ನಿಂತು ಕಪ್ತಾನನನ್ನು ಇರು ಎಂದು ಬೇಡುವ ಭಾಗ.

ಶೆರಿಲ್ ಮೈಕ್ ಎತ್ತಿಕೊಂಡಳು. ಅದನ್ನು ಮುಟ್ಟಿದ್ದು ಅದೇ ಮೊದಲು. ಬಟನ್ ಒತ್ತಿದಳು.

"ಯತಿನ್, ನಾನು ಶೆರಿಲ್. ಮನೆಯಲ್ಲಿ ಮದುವೆ ಮಾತಾಡ್ತಿದ್ದಾರೆ. ನನಗೆ ಬೇಡ. ನನಗೆ ನೀನು ಬೇಕು! ಕೇಳ್ತಾ ಇದ್ದೀಯಾ? ನೀನು ಹೂಂ ಅಂದ್ರೆ ಸಾಕು, ನಾನು ಅವರಿಗೆ ಆಗುವುದಿಲ್ಲ ಅಂತೇನೆ. ನಿನಗೂ ನಾನು ಬೇಕಾ... ಹೇಳು."

ಬಟನ್ ಬಿಟ್ಟಳು. ಸ್ಪೀಕರಿಗೆ ಕಿವಿ ಹಚ್ಚಿದಳು.

ಅವನ ದನಿ ಬಂತು. "ಕಪ್ತಾನ ರಾಣಿಗೆ ಬೆನ್ನು ಹಾಕಿದ. ನನ್ನ ಹಡಗನ್ನು ಯಾರ ಬಾಗಿಲಿಗೂ ಕಟ್ಟುವುದಿಲ್ಲ, ನನ್ನನ್ನು ಮರೆತುಬಿಡು, ಅಂದ..."

ಅದು ಅವಳೇ ಬರೆದ ಮಾತು! ಯಾವತ್ತೂ ಇದ್ದ ಹಾಗೆ ಹೇಳದವನು ಇವತ್ತು ಒಂದಕ್ಷರ ಬದಲಿಸಲಿಲ್ಲ. *ಓ... ಇದೇ ನಿನ್ನ ಉತ್ತರವಾ? ನನ್ನ ಮಾತಿನಿಂದಲೇ ನನ್ನನ್ನು ಹೊಡೆದೆಯಾ?*

ಅವಳು ಸೆಟ್ ಆರಿಸಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಭಾನುವಾರ ಮನೆಯವರಿಗೆ ಹೂಂ ಅಂದಳು.

ಆಮೇಲೆ ಯತಿನ್ ಫೋನ್ ಮಾಡಿದ. ಅವಳು ಎತ್ತಲಿಲ್ಲ. ನಿಶ್ಚಯದ ಸುದ್ದಿ ಅವನಿಗೆ ಬೇರೆಯವರಿಂದ ಗೊತ್ತಾಯಿತು. ಮತ್ತೆ ಅವನೂ ಫೋನ್ ಮಾಡಲಿಲ್ಲ. ಶೆರಿಲ್ ಕೊನೆಯ ಕಂತು ಬರೆದಳು. ಅದರಲ್ಲಿ ಜರತಾರಿ ಕಪ್ತಾನ ಕಪ್ಪು ಸೂರ್ಯನೊಳಗೆ ಬಿದ್ದು ಸತ್ತ. ಓದುಗರು ಬೈದರು, ಅತ್ತರು. ಅವಳು ಯಾರಿಗೂ ಉತ್ತರ ಕೊಡಲಿಲ್ಲ.

ಮದುವೆಯ ಮುನ್ನಾದಿನ, ರೋಸ್ ಶಾಸ್ತ್ರದಲ್ಲಿ ತಲೆಗೆ ತೆಂಗಿನ ಹಾಲು ಹೊಯ್ದಾಗ ಅವಳು ಕಣ್ಣೀರು ಸುರಿಸಿದಳು. ತವರು ಬಿಡುವ ದುಃಖ ಎಂದುಕೊಂಡು ಎಲ್ಲರೂ ಸಮಾಧಾನ ಮಾಡಿದರು. ಮದುವೆಯಾಯಿತು. ಇರ್ವಿನ್ ರಜೆ ಮುಗಿಸಿ ಮಸ್ಕತ್ತಿಗೆ ಹೋದ. ಅವಳ ವೀಸಾ ಜೂನ್ ಕೊನೆಗೆ ಬಂತು.

ಹೊರಡುವ ಹಿಂದಿನ ದಿನ ಸುಂದರಿ ಮಾಮಿಯನ್ನೊಮ್ಮೆ ನೋಡಬೇಕೆನಿಸಿತು. ಅಷ್ಟು ದಿನ ಸ್ಟೂಲ್ ಕೊಟ್ಟು ಕೂರಿಸಿದವಳಲ್ಲವೇ? ಯತಿನ್ ಅಲ್ಲಿರಬಾರದು ಎಂದುಕೊಳ್ಳುತ್ತಲೇ ಹೋದಳು. ಇರಬೇಕು ಎಂದೂ ಅವಳ ಹಾಳು ಮನಸ್ಸು ಬಯಸಿತು.

ಮಳೆಗಾಲಕ್ಕೆ ಮೀನುಗಾರಿಕೆ ನಿಂತ ಕಾಲ. ಬೋಟುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ದಕ್ಕೆಯಲ್ಲಿ ನಿಂತಿದ್ದವು. ಯತಿನ್ ಶೆಡ್ಡಿನ ಮುಂದೆ ಕೂತು ಬಲೆ ಹೆಣೆಯುತ್ತಿದ್ದ. ಮಾಸಿದ ಬಿಳಿ ಬನಿಯನ್. ಅವಳನ್ನು ಕಂಡು ಎದ್ದು ನಿಂತ.

ಅವಳ ಕೊರಳ ಕರಿಮಣಿ ನೋಡಿದ ಸುಂದರಿ ಮಾಮಿಗೆ ತಡೆಯಲಾಗಲಿಲ್ಲ.

"ಎಂತ ನೋಡ್ತೀಯಾ ಮಗಾ? ಇವಳು ಬಾಯಿಬಿಟ್ಟು ಕೇಳಿದ ದಿನ ಕಲ್ಲಿನ ಹಾಗೆ ಕೂತವನು ನೀನು!"

"ಯಾವ ದಿನ, ಮಾಮಿ? ಎಂತ ಕೇಳಿದ್ದು?"

"ನಾಟಕ ಆಡ್ಬೇಡ! ವಯರ್‌ಲೆಸ್‌ನಲ್ಲಿ! ನಿನ್ನ ಮಾವ ಬೋಟಿನಲ್ಲಿ ಅಳಿವೆ ದಾಟಿ ದಡಕ್ಕೆ ಬರ್ತಿದ್ದರು, ಅವರ ಕಿವಿಗೆ ಬಿದ್ದಿದೆ. ದಡದ ಹತ್ತಿರ ಇದ್ದ ಬೋಟಿನವರೆಲ್ಲ ಕೇಳಿದ್ದಾರೆ. ನನಗೆ ನೀನು ಬೇಕು ಅಂದಳಂತೆ ಈ ಮಗು! ನೀನು ಮಾತ್ರ ಕಥೆ ಹೇಳ್ತಾ ಕೂತೆಯಂತೆ!"

ಯತಿನ್‌ನ ಕೈಯಿಂದ ಬಲೆ ಜಾರಿತು.

"ನಾನು ಕಥೆ ಹೇಳುವಾಗ..." ಅವನು ಅವಳತ್ತ ತಿರುಗಿದ. "ಶೆರಿಲ್, ನಾನು ಹೇಳ್ತಾ ಇರುವಾಗಲೇ ನೀನು ಮಾತಾಡಿದೆಯಾ? ಮಧ್ಯದಲ್ಲಿ?"

"ಹೂಂ..."

"ಅಯ್ಯೋ ದೇವರೇ! ವಯರ್‌ಲೆಸ್‌ನಲ್ಲಿ ಬಟನ್ ಒತ್ತಿ ಹಿಡಿದವನಿಗೆ ಯಾರ ಮಾತೂ ಕೇಳುವುದಿಲ್ಲ ಮಾರಾಯ್ತಿ! ಬಿಟ್ಟ ಮೇಲೆಯೇ ಕೇಳುವುದು. ನಾನು ಒತ್ತಿ ಹಿಡಿದಿದ್ದೆ!"

ಶೆರಿಲ್ ಸ್ಟೂಲಿನ ಮೇಲೆ ಕೂತಳು. ಕಡಲಿನವರಿಗೆ ಚಿಕ್ಕಂದಿನಲ್ಲೇ ಗೊತ್ತಿರುವ ಸಂಗತಿ ಅದು. ಅವಳು ಫೋನಿನ ಹಾಗೆ ಮಾತಾಡಿದ್ದಳು. ಹತ್ತಿರದ ಬೋಟುಗಳಿಗೆ ದಡದ ಸೆಟ್ಟಿನ ದನಿಯೇ ಜೋರಾಗಿ ಬಿದ್ದಿತ್ತು. ಕೇಳಿಸಿಕೊಂಡವರೆಲ್ಲ ಅವನಿಗೂ ಕೇಳಿಸಿದೆ ಎಂದೇ ತಿಳಿದಿದ್ದರು. ವಯರ್‌ಲೆಸ್‌ನಲ್ಲಿ ಕಿವಿಗೆ ಬಿದ್ದ ಮನೆ ವಿಷಯ ದಡಕ್ಕೆ ತರಬಾರದು, ಅದು ಬೋಟಿನವರ ಮರ್ಯಾದೆ. ಆ ಮರ್ಯಾದೆಗೆ ಕಟ್ಟುಬಿದ್ದು ಒಬ್ಬರೂ ಬಾಯಿ ಬಿಡಲಿಲ್ಲ.

ಸುಂದರಿ ಮಾಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದಳು.

"ಆದ್ರೆ ನೀನು ಅವತ್ತು ಮರೆತುಬಿಡು ಅಂದೆಯಲ್ಲ..." ಅವಳು ಬಿಕ್ಕಿದಳು. "ನಾನು ಬರೆದದ್ದನ್ನೇ, ಹಾಗೇ ಹೇಳಿದೆ..."

"ಅಷ್ಟು ಹೇಳಿದೆ, ಹೌದು. ಆಮೇಲೆ ಕಪ್ತಾನ ಅರ್ಧ ದಾರಿಯಿಂದ ವಾಪಸ್ ಬಂದ. ಏಳು ಬಣ್ಣದ ಕೋಟು ಬಿಚ್ಚಿ ರಾಣಿಯ ಕಾಲ ಬುಡದಲ್ಲಿ ಹಾಸಿದ. ಅದು ನಾನೇ ಸೇರಿಸಿದ್ದು. ನೀನು ಶೆಡ್ಡಿನಲ್ಲಿ ಕೂತು ಕೇಳ್ತಿದ್ದೀ ಅಂತ ಎಣಿಸಿ ಹೇಳಿದೆ. ನೀನು ಆಗಲೇ ಸೆಟ್ ಆರಿಸಿದ್ದೆಯಾ?"

ಅವಳು ಮುಖ ಮುಚ್ಚಿಕೊಂಡಳು. ಇನ್ನು ಯಾರನ್ನು ದೂರುವುದು? ದೂರಿದರೆ ಈ ಕರಿಮಣಿ ಹೋಗುವುದೇ? ನಾಳೆಯ ವಿಮಾನ ನಿಲ್ಲುವುದೇ?

ಅವನು ಬಿದ್ದ ಬಲೆಯನ್ನು ಎತ್ತಿ ಪಕ್ಕಕ್ಕಿಟ್ಟು ಕೇಳಿದ.

"ಇರ್ವಿನ್ ಒಳ್ಳೆಯವನಾ?"

"ಒಳ್ಳೆಯವನು ಯತಿನ್. ಅದೇ ಕಷ್ಟ. ಕೆಟ್ಟವನಾಗಿದ್ದರೆ ಈ ಕ್ಷಣ ನಿನ್ನ ಜೊತೆ ಬಂದುಬಿಡುತ್ತಿದ್ದೆ."

ಅವನು ತಲೆಯಾಡಿಸಿದ. ತುಂಬಿದ ಕಣ್ಣೊರೆಸಿಕೊಳ್ಳಲಿಲ್ಲ.

"ಕಪ್ತಾನನನ್ನು ಯಾಕೆ ಕೊಂದದ್ದು?"

"ಸಿಟ್ಟು ಬಂದಿತ್ತು."

"ನಮ್ಮ ಹುಡುಗರಿಗೆ ನಾನು ಹೇಳಲಿಲ್ಲ. ಯಾಕೆ ಕಥೆ ಇಲ್ಲ ಅಂತ ಕೇಳ್ತಾರೆ. ದೂರ ಹೋಗಿದ್ದಾನೆ ಅಂತೇನೆ."

ದಕ್ಕೆಯ ಆಚೆ ಬಸ್ಸೊಂದು ಹಾರ್ನ್ ಹೊಡೆಯಿತು. ಅವಳು ಎದ್ದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿದಳು.

"ಯತಿನ್, ಅವತ್ತು ನನ್ನ ಮಾತು ಕೇಳಿಸಿದ್ದರೆ... ಎಂತ ಹೇಳ್ತಿದ್ದೆ? ಈಗ ಹೇಳು. ನಾನು ಮಧ್ಯೆ ಬಾಯಿ ಹಾಕುವುದಿಲ್ಲ."

"ಈಗ ಹೇಳಿ ಎಂತ ಉಂಟು ಶೆರಿಲ್?"

"ಏನೂ ಇಲ್ಲ. ಆದ್ರೂ ಹೇಳು."

ಅವನು ಹತ್ತಿರ ಬಂದ. ಮುಟ್ಟಲಿಲ್ಲ. ಊರಿನ ಬೋಟಿನವರನ್ನೆಲ್ಲ ನಗಿಸಿದ ಆ ದನಿ ಪಿಸುಮಾತಾಗಿತ್ತು.

"ನನಗೂ ನೀನೇ ಬೇಕು ಅಂತಿದ್ದೆ. ನಾನು ಬರುವವರೆಗೆ ಯಾರಿಗೂ ಹೂಂ ಅನ್ನಬೇಡ ಅಂತಿದ್ದೆ. ಬೋಟು ತಿರುಗಿಸಿ ಬಂದುಬಿಡ್ತಿದ್ದೆ. ನೀನಂದ್ರೆ ನನಗೆ ಜೀವ, ಶೆರಿಲ್."

ಅವಳು ಮಾತು ಕೊಟ್ಟಿದ್ದಂತೆ ಕೊನೆಯವರೆಗೂ ಸುಮ್ಮನಿದ್ದಳು.

"ಕೇಳಿಸ್ತಾ?" ಅವನು ಕೇಳಿದ.

"ಕೇಳಿಸ್ತು, ಯತಿನ್."