ಶೀತಲಳ ಹೆಸರಿನಲ್ಲಿ

2007ರ ಆಗಸ್ಟ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಪ್ಪತ್ತೆರಡು ವರ್ಷದ ಶೀತಲ ಅಣ್ಣ ಜಟ್ಟೆಪ್ಪನ ಜೊತೆ ನಿಗಡಿಯ ಪೊಲೀಸ್ ಠಾಣೆಗೆ ಬಂದಳು. ಜಟ್ಟೆಪ್ಪ ಭೋಸರಿಯ ಕಾರ್ಖಾನೆಯೊಂದರಲ್ಲಿ ವೆಲ್ಡರ್. ಶೀತಲಳಿಗೆ ಸದಾಶಿವ ಪೇಠದ ಕೋಚಿಂಗ್ ಕ್ಲಾಸಿನಲ್ಲಿ ರಿಸೆಪ್ಶನ್ ಕೆಲಸ.

ಇನ್‌ಸ್ಪೆಕ್ಟರ್ ಭುಜಂಗ ಮೇತ್ರೆ ಗಣೇಶೋತ್ಸವದ ಬಂದೋಬಸ್ತ್ ಸಭೆ ಮುಗಿಸಿ ಆಗಷ್ಟೇ ಕುರ್ಚಿಗೆ ಒರಗಿದ್ದರು. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ, ಠಾಣೆಯ ಮಾತು ಮರಾಠಿ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

"ಹೇಳವಾ, ಏನಾತು?"

ಶೀತಲ ಬಾಯಿ ತೆರೆಯುವ ಮೊದಲೇ ಅವಳ ಮೊಬೈಲ್ ಬಡಿದುಕೊಂಡಿತು. ಅವಳು ಅದನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆಳೆದಳು. "ಮುಂಜಾನಿಂದ ಹಿಂಗೇ ಬರ್ಲಿಕತ್ತಾವ್ರಿ."

ಮೇತ್ರೆ ಎತ್ತಿಕೊಂಡರು. ಆ ಕಡೆಯ ಗಂಡಸು ಹಿಂದಿಯಲ್ಲಿ ಒಂದು ರಾತ್ರಿಗೆ ಎಷ್ಟು ಎಂದು ಕೇಳಿದ. "ಪೊಲೀಸ್ ಠಾಣೆ" ಎಂದೊಡನೆ ಲೈನು ಕಡಿಯಿತು.

ಯಾರೋ ಅವಳ ಫೋಟೋ ಹಾಕಿ, ಅವಳ ಹೆಸರಿನಲ್ಲಿ ಆರ್ಕುಟ್ ಎಂಬ ಜಾಲತಾಣದಲ್ಲಿ ಖಾತೆ ತೆರೆದಿದ್ದರು. ಕೊನೆಯಲ್ಲಿ ಹೊಲಸು ಮಾತುಗಳು, ಅವುಗಳ ಕೆಳಗೆ ಅವಳ ನಂಬರು. ಸೊಲ್ಲಾಪುರದ ಗಂಡಿನವರು ಇದನ್ನು ಕೇಳಿ ನಿಶ್ಚಯ ಮುರಿದುಕೊಂಡಿದ್ದರು.

"ನಂದು ಖಾತೆನೇ ಇಲ್ರಿ ಅದರಾಗ," ಎಂದಳು ಶೀತಲ. "ಕ್ಲಾಸಿನ ಹುಡುಗರು ತೋರಿಸಿದಾಗಲೇ ನಂಗ ಗೊತ್ತಾಗಿದ್ದು."

ಎಫ್‌ಐಆರ್ ದಾಖಲಾಯಿತು. ಮಾನನಷ್ಟಕ್ಕೆ ಐಪಿಸಿ 500 ಇತ್ತು. ಆದರೆ ಅದರಡಿ ಪೊಲೀಸರು ತಾವಾಗಿಯೇ ಬಂಧಿಸುವಂತಿಲ್ಲ. ಹೆಣ್ಣಿನ ಮರ್ಯಾದೆಗೆ ಧಕ್ಕೆ ತಂದದ್ದಕ್ಕೆ 509, ಅಶ್ಲೀಲ ಬರಹಕ್ಕೆ ಐಟಿ ಕಾಯ್ದೆಯ 67 ಸೇರಿಸಿದರು. 67 ಬಂದ ಮೇಲೆ ತನಿಖಾಧಿಕಾರಿ ಎಸಿಪಿ ದರ್ಜೆಯವರೇ ಆಗಬೇಕು. ಹೀಗಾಗಿ ಕಡತದ ಮೇಲೆ ಎಸಿಪಿ ಸಾಹೇಬರ ಹೆಸರು, ಬಿಸಿಲಿನಲ್ಲಿ ಓಡಾಟ ಮೇತ್ರೆಯವರದು.

"ಯಾರ ಮ್ಯಾಲರೆ ಸಂಶಯ?"

"ದತ್ತು," ಎಂದ ಜಟ್ಟೆಪ್ಪ. "ನಮ್ಮ ಚಾಳಿನವ. ಹೋದ ವರ್ಷ ಇಕಿನ್ನ ಕೇಳಾಕ ಬಂದಿದ್ದ. ನಾ ಕೊಡಂಗಿಲ್ಲ ಅಂದಿದ್ದೆ."

ದತ್ತು ಠಾಣೆಯಲ್ಲಿ ಅಳತೊಡಗಿದ. ತನಗೆ ಕಂಪ್ಯೂಟರ್ ಬರುವುದಿಲ್ಲ ಎಂದ. ಮೇತ್ರೆ ನಂಬಲೂ ಇಲ್ಲ, ಹೊಡೆಯಲೂ ಇಲ್ಲ. ಅವನನ್ನು ಮನೆಗೆ ಕಳಿಸಿ, ಆರ್ಕುಟ್ ಕಂಪನಿಗೆ ಬರೆದ ಪತ್ರದ ಉತ್ತರಕ್ಕಾಗಿ ಕಾದರು.

ಉತ್ತರ ಸೆಪ್ಟೆಂಬರ್ ಕೊನೆಗೆ, ವಿಸರ್ಜನೆಯ ಬಂದೋಬಸ್ತಿನ ಮೈಕೈ ನೋವು ಇಳಿಯುವ ಮೊದಲೇ ಬಂತು. ಖಾತೆಯನ್ನು ಪ್ರತಿ ಬಾರಿಯೂ ಆಕುರ್ಡಿಯ ಒಂದೇ ಸೈಬರ್ ಕೆಫೆಯಿಂದ, ಮಧ್ಯಾಹ್ನದ ಹೊತ್ತು ತೆರೆಯಲಾಗಿತ್ತು. ಆ ಹೊತ್ತಿನಲ್ಲಿ ದತ್ತು ತಾನು ದುಡಿಯುವ ಕಾರ್ಖಾನೆಯಲ್ಲಿರುತ್ತಿದ್ದ. ಅವನ ಹಾಜರಿ ನೋಡಿ ಮೇತ್ರೆ ಅವನ ಹೆಸರು ಹೊಡೆದುಹಾಕಿದರು.

ಕೆಫೆಯ ಮಾಲೀಕ ಸುದೀಪ ಕುಂದಾಪುರದವನು.

"ಮಧ್ಯಾಹ್ನ ಯಾರು ಬರ್ತಾರ?"

"ಕಾಲೇಜು ಹುಡುಗರು ಸರ್. ಮತ್ತೆ ಒಬ್ರು ಹೆಂಗಸು. ಮೂಲೆ ಕ್ಯಾಬಿನ್ನೇ ಬೇಕು ಅವ್ರಿಗೆ."

"ಹೆಂಗಸು?"

"ಹೌದು ಸರ್. ಒಂದ್ಸಲ ಫೋಟೋ ಸ್ಕ್ಯಾನ್ ಮಾಡಿಸಿದ್ರು. ಅರ್ಧ ಕತ್ತರಿಸಿದ ಫೋಟೋ."

ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಕಂಪ್ಯೂಟರನ್ನು ಜಪ್ತಿ ಮಾಡಲಾಯಿತು. ಠಾಣೆಗೆ ಮರಳಿದ ಮೇತ್ರೆ ಖಾತೆಯ ಫೋಟೋವನ್ನು ಮತ್ತೆ ತೆಗೆದು ನೋಡಿದರು. ಶೀತಲಳ ಎಡಹೆಗಲ ಮೇಲೆ ಒಂದು ಕೈ ಇತ್ತು, ಮಣಿಕಟ್ಟಿನ ತುಂಬ ಹಸಿರು ಬಳೆ. ಉಳಿದದ್ದನ್ನು ಕತ್ತರಿ ತಿಂದಿತ್ತು. ಅವರು ಅಣ್ಣ ತಂಗಿಯನ್ನು ಕರೆಸಿದರು.

"ಇದು ಎಲ್ಲಿ ತೆಗೆದದ್ದು?"

"ಅಣ್ಣನ ಮಗಳ ತೊಟ್ಟಿಲ ಕಾರ್ಯದಾಗ್ರಿ."

"ಈ ಕೈ ಯಾರದು?"

ಶೀತಲ ಫೋಟೋ ನೋಡಿದಳು, ಆಮೇಲೆ ಅಣ್ಣನ ಮುಖ ನೋಡಿದಳು. ಫೋಟೋವನ್ನು ಬೋರಲು ಹಾಕಿ ಹೇಳಿದಳು: "ವೈನಿದು."

ವೈನಿ, ಅಂದರೆ ಜಟ್ಟೆಪ್ಪನ ಹೆಂಡತಿ ರುದ್ರವ್ವ, ಹತ್ತನೇ ಪಾಸಾದ ವರ್ಷವೇ ಆಳಂದ ಕಡೆಯಿಂದ ಮದುವೆಯಾಗಿ ಬಂದವಳು. ಅವಳಿಗೆ ಕಂಪ್ಯೂಟರ್ ಕಲಿಸಿದವಳು ಶೀತಲಳೇ. ಆಗೊಮ್ಮೆ ಈಗೊಮ್ಮೆ ರವಿವಾರ ಅತ್ತಿಗೆಯನ್ನು ತನ್ನ ಆಫೀಸಿಗೆ ಕರೆದೊಯ್ದು ಕೀಲಿಗಳ ಮೇಲೆ ಬೆರಳಿಡಿಸಿದ್ದಳು.

ಮರುದಿನ ಮಧ್ಯಾಹ್ನ ಮಹಿಳಾ ಹವಾಲ್ದಾರ್ ರಂಗೂಬಾಯಿಯೊಂದಿಗೆ ಮೇತ್ರೆ ಜಟ್ಟೆಪ್ಪನ ಮನೆಯಿದ್ದ ಚಾಳಿಗೆ ಹೋದರು. ರುದ್ರವ್ವ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಜೊತೆಗೆ ಬಂದಿದ್ದ ಸುದೀಪ ಇವಳೇ ಎಂಬಂತೆ ತಲೆಯಾಡಿಸಿದ. ಅವಳು ಎದ್ದಳು. ಮೊರವನ್ನು ಒಳಗಿಟ್ಟು, ಮಗಳನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟಳು.

ಠಾಣೆಗೆ ಓಡಿಬಂದ ಜಟ್ಟೆಪ್ಪ ಹೆಂಡತಿಯ ಮೇಲೆ ಕೈ ಎತ್ತಿದ. ರಂಗೂಬಾಯಿ ನಡುವೆ ನಿಂತಳು. "ಹಾತ್ ಖಾಲಿ ಘ್ಯಾ," ಎಂದು ಮರಾಠಿಯಲ್ಲಿ ಗದರಿದಳು. ಅವನು ಕೈ ಇಳಿಸಿದ.

"ಕಂಪ್ಲೇಂಟ್ ವಾಪಸ್ ತಗೋತೀವ್ರಿ, ಸಾಹೇಬ್ರ. ಮನಿ ಮಾತು ಮನ್ಯಾಗ ಮುಗಸ್ತೀವಿ."

"ಎಫ್‌ಐಆರ್ ಆಗ್ಯಾದಪ್ಪ. ಇನ್ನ ನನ್ನ ಕೈಯಾಗ ಇಲ್ಲ."

ಆ ಮಾತನ್ನು ಮೇತ್ರೆ ತಮ್ಮ ನೌಕರಿಯಲ್ಲಿ ಎಷ್ಟೋ ಮಂದಿಗೆ ಹೇಳಿದ್ದರು. ಯಾರಿಗೂ ಅದರಿಂದ ಸಮಾಧಾನವಾದದ್ದನ್ನು ಕಂಡಿರಲಿಲ್ಲ.

ವಿಚಾರಣೆ ದೀರ್ಘವಾಗಲಿಲ್ಲ.

"ಖಾತೆ ಯಾಕ ತೆಗದಿ?"

"ಮಂದಿ ಮಾತಾಡ್ತಿದ್ರು, ರೀ. ಊಟ ಆತೇನು ಅಂತ ಕೇಳ್ತಿದ್ರು."

"ನಿನ್ನ ಹೆಸರಲೆ ತೆಗೀಬಹುದಿತ್ತಲ್ಲ?"

"ರುದ್ರವ್ವನ ಕೂಡ ಯಾರು ಮಾತಾಡ್ತಾರ್ರಿ?"

"ಹೊಲಸು ಬರದು ನಂಬರು ಯಾಕ ಹಾಕಿದಿ?"

ಅವಳು ಸೆರಗಿನ ತುದಿ ತಿರುವುತ್ತ ಕೂತಳು. "ಆಕಿ ಲಗ್ನ ನಿಕ್ಕಿ ಆತು. ಮನಿ ಮಂದಿಗೆಲ್ಲಾ ಆಕೀದೇ ಧ್ಯಾಸ. ಆಕಿ ಸೊಲ್ಲಾಪುರಕ್ಕ ಹೋದ್ರ ನಮ್ಮ ಮನ್ಯಾಗ ನನ್ನ ಕೂಡ ಮಾತಾಡವ್ರು ಯಾರು ಉಳೀತಿದ್ರು? ಲಗ್ನ ನಿಲ್ಲಲಿ ಅನ್ನಿಸ್ತು. ಇಷ್ಟು ಹೊಲಸು ಆಗ್ತದಂತ ಗೊತ್ತಿರಲಿಲ್ಲ."

"ಗೊತ್ತಾದ ಮ್ಯಾಲರೆ ತೆಗೀಬೇಕಿತ್ತು."

"ತೆಗದ್ರ ಅವ್ರೆಲ್ಲಾ ಹೋಗಿಬಿಡ್ತಿದ್ರಲ್ರಿ."

ರಂಗೂಬಾಯಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎದ್ದು ಹೋಗಿ ನೀರು ತಂದುಕೊಟ್ಟಳು.

ನ್ಯಾಯಾಲಯ ರುದ್ರವ್ವನನ್ನು ನ್ಯಾಯಾಂಗ ಬಂಧನದಲ್ಲಿ ಯರವಡಾ ಜೈಲಿಗೆ ಕಳಿಸಿತು. ಜಾಮೀನಿಗೆ ಓಡಾಡುವುದಿಲ್ಲ ಎಂದು ಜಟ್ಟೆಪ್ಪ ಹಟ ಹಿಡಿದ. ಆರ್ಕುಟ್ ಖಾತೆ ಅಳಿಸಿಹೋಯಿತು. ಸೊಲ್ಲಾಪುರದವರು ಮಾತ್ರ ತಿರುಗಿ ಬರಲಿಲ್ಲ.

ಎಂಟು ದಿನದ ಮೇಲೆ ಶೀತಲ ಪೂರಕ ಹೇಳಿಕೆಗಾಗಿ ಬಂದಳು. ಮೇತ್ರೆ ಹೇಳಿಕೆಯ ಹಾಳೆ ಹುಡುಕುವಷ್ಟರಲ್ಲಿ, ಮೇಜಿನ ಮೇಲಿದ್ದ ಕಡತದಿಂದ ಆ ಖಾತೆಯ ಮೊದಲ ತಿಂಗಳುಗಳ ಮುದ್ರಿತ ಪುಟಗಳನ್ನು ತೆಗೆದು ಓದತೊಡಗಿದಳು. ಹೊಲಸು ಮಾತುಗಳು ಇನ್ನೂ ಇಲ್ಲದ, ಯಾರೂ ಗಮನಿಸದ ಪುಟಗಳವು.

"ರಂಗೋಲಿ ಇಷ್ಟ, ಹುಣಸಿಕಾಯಿ ಇಷ್ಟ, ಒಮ್ಮೆ ಸಮುದ್ರ ನೋಡಬೇಕು," ಓದುತ್ತ ಅವಳ ದನಿ ತಗ್ಗಿತು. "ಇವು ನನ್ನವಲ್ರಿ. ಎಲ್ಲಾ ವೈನಿವು. ಹೆಸರಷ್ಟ ನಂದು."

ಮೇತ್ರೆ ಕೇಳಿದರು: "ಸಿಟ್ಟು ಇಳದದೇನವಾ?"

"ಇಲ್ರಿ."

ಅವಳು ಪುಟಗಳನ್ನು ಕಡತದೊಳಗಿಟ್ಟು ಏಳಲು ಹೋಗಿ, ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಸಾಹೇಬ್ರ, ಯರವಡಾದಾಗ ಯಾವ ವಾರ ಭೇಟಿಗೆ ಬಿಡ್ತಾರ?"